ಚುಂಚನಗಿರಿಯ ತಪ್ಪಲಿನ ರಾಗಿಗೆ ಆಫ್ರಿಕಾ ತವರು

ಬೆಂಗಳೂರಿನಿಂದ ಮಂಗಳೂರಿನತ್ತ ಸಾಗುವ ಹೆದ್ದಾರಿಯಲ್ಲಿ ನೆಲಮಂಗಲ, ಕುಣಿಗಲ್, ಯಡಿಯೂರು ದಾಟಿ ಸುಮಾರು ನೂರು ಕಿಲೋಮೀಟರು ಕ್ರಮಿಸಿದರೆ ಬೆಳ್ಳೂರು ಕ್ರಾಸ್ ಸಿಗುತ್ತದೆ. ಅಲ್ಲಿಂದ ಕೆಲವೇ ಕಿಲೋಮೀಟರು ದೂರದಲ್ಲಿ, ತೆಂಗಿನ ತೋಟ ಹಾಗೂ ಬೆದ್ದಲು ಹೊಲಗಳ ನಡುವೆ ಎದ್ದು ನಿಂತಿದೆ ಆದಿಚುಂಚನಗಿರಿ. ಮಂಡ್ಯ ಜಿಲ್ಲೆ ನಾಗಮಂಗಲ ತಾಲ್ಲೂಕಿಗೆ ಸೇರಿದ ಈ ಕಲ್ಲುಬೆಟ್ಟ ಸಮುದ್ರಮಟ್ಟದಿಂದ ಸುಮಾರು 3,300 ಅಡಿ ಎತ್ತರದಲ್ಲಿದೆ. ಚುಂಚ, ಕಂಚ ಎಂಬ ಇಬ್ಬರು ರಾಕ್ಷಸರನ್ನು ಶಿವನು ಇಲ್ಲಿ ಸಂಹರಿಸಿದ್ದರಿಂದ ಬೆಟ್ಟಕ್ಕೆ ಚುಂಚನಗಿರಿ ಎಂಬ ಹೆಸರು ಬಂತೆಂಬುದು ಸ್ಥಳಪುರಾಣ.

ನಾಥ ಪರಂಪರೆಯ ಪುರಾತನ ಪೀಠ, ಕಾಲಭೈರವೇಶ್ವರ ಹಾಗೂ ಗಂಗಾಧರೇಶ್ವರ ದೇವಾಲಯಗಳು, ಬಿಂದು ಸರೋವರ ಇವೆಲ್ಲ ಭಕ್ತರನ್ನು ಸೆಳೆಯುತ್ತವೆ. ಫಾಲ್ಗುಣ ಮಾಸದ ಜಾತ್ರೆಗೆ ಹಳೆ ಮೈಸೂರು ಸೀಮೆಯ ಹಳ್ಳಿಹಳ್ಳಿಗಳಿಂದ ಜನ ಬರುತ್ತಾರೆ. ಪಕ್ಷಿಪ್ರಿಯರಿಗೆ ಇದು ನವಿಲುಗಳ ಬೆಟ್ಟ. ಸುಮಾರು 88 ಹೆಕ್ಟೇರು ವಿಸ್ತಾರದ ಕುರುಚಲು ಕಾಡನ್ನು 1981ರಲ್ಲಿ ನವಿಲುಧಾಮವೆಂದು ಘೋಷಿಸಲಾಯಿತು. ಮುಂಜಾನೆ ಬೇಗ ಬಂದವರಿಗೆ ಬಂಡೆಗಳ ಮೇಲೆ ನವಿಲುಗಳ ದರ್ಶನವಾಗುವುದುಂಟು. ವಿದ್ಯಾರ್ಥಿಗಳಿಗಂತೂ ಚುಂಚನಗಿರಿ ಎಂದರೆ ಶಾಲೆ, ಹಾಸ್ಟೆಲು, ಕಾಲೇಜು. 1974ರಲ್ಲಿ ಪೀಠವೇರಿದ ಬಾಲಗಂಗಾಧರನಾಥ ಸ್ವಾಮೀಜಿಯವರ ಕಾಲದಲ್ಲಿ ಮಠದ ವಿದ್ಯಾಸಂಸ್ಥೆಗಳು ನಾಡಿನುದ್ದಕ್ಕೂ ಹರಡಿದವು. ಹೆದ್ದಾರಿಯ ಮಗ್ಗುಲಲ್ಲೇ ಇರುವ ಬಿ.ಜಿ. ನಗರದಲ್ಲಿ ವೈದ್ಯಕೀಯ ಕಾಲೇಜು, ಆಸ್ಪತ್ರೆಗಳಿವೆ.

ದರ್ಶನ ಮುಗಿಸಿ, ಪ್ರಸಾದ ಸ್ವೀಕರಿಸಿ, ನವಿಲು ಕಂಡರೆ ಕಂಡು ಹಿಂತಿರುಗುವುದು ಬಹುತೇಕ ಪ್ರವಾಸಿಗರ ಪರಿಪಾಠ. ಆದರೆ ಈ ಬೆಟ್ಟದ ಸುತ್ತ ಇನ್ನೊಂದು ಪಾಠವೂ ಹರಡಿಕೊಂಡಿದೆ. ಅದು ಯಾವ ಫಲಕದಲ್ಲೂ ಬರೆದಿಲ್ಲ.

ಬೆಟ್ಟದ ನೆತ್ತಿಯಿಂದ

ಬೆಟ್ಟದ ಅತಿ ಎತ್ತರದ ತಾಣಕ್ಕೆ ಆಕಾಶಭೈರವ ಎಂದು ಹೆಸರು. ಅಲ್ಲಿ ನಿಂತು ಸುತ್ತಲೂ ಕಣ್ಣು ಹಾಯಿಸಿದರೆ ಕಾಣುವುದು ಕೆರೆ, ತೆಂಗು, ಉಳಿದಂತೆ ಮಳೆಯನ್ನೇ ನಂಬಿದ ಹೊಲಗಳು. ಮಂಡ್ಯ ಎಂದರೆ ಕಬ್ಬು, ಭತ್ತ, ಕಾಲುವೆ ಎಂದುಕೊಂಡವರಿಗೆ ನಾಗಮಂಗಲ ಬೇರೆಯೇ ಚಿತ್ರ ತೋರಿಸುತ್ತದೆ. ಇಲ್ಲಿ ರಾಗಿಯೇ ರಾಜ. ಜೂನ್–ಜುಲೈನಲ್ಲಿ ಬಿತ್ತಿದ ಪೈರು ನವೆಂಬರಿನ ಹೊತ್ತಿಗೆ ತೆನೆ ತುಂಬಿ ತೂಗುತ್ತದೆ. ರಾಗಿಯ ನಡುವೆ ಹಾಕಿದ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಅಲಸಂದೆ ಇರುತ್ತವೆ. ಹುಚ್ಚೆಳ್ಳು ಹಳದಿ ಹೂ ಬಿಟ್ಟು ದೂರದಿಂದಲೇ ಕಾಣುತ್ತದೆ. ಹೊಲದ ಅಂಚಿಗೆ ಹರಳು ಗಿಡ, ದಾರಿಯ ಬದಿಗೆ ಹುಣಸೆ ಮರ.

ಇದಕ್ಕಿಂತ ಅಪ್ಪಟ ಕನ್ನಡ ನೆಲದ ನೋಟ ಇನ್ನಾವುದಿದ್ದೀತು ಎನಿಸುವುದು ಸಹಜ. ಸಸ್ಯವಿಜ್ಞಾನ ಹೇಳುವ ಕಥೆ ಮಾತ್ರ ಸ್ವಾರಸ್ಯವಾಗಿದೆ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಪ್ರದೇಶ. ಹುಚ್ಚೆಳ್ಳು ಬಂದದ್ದು ಇಥಿಯೋಪಿಯದಿಂದ. ಆ ದೇಶದ ಹಳೆಯ ಹೆಸರಾದ ಅಬಿಸೀನಿಯ ಅದರ ಲ್ಯಾಟಿನ್ ಹೆಸರಿನಲ್ಲೇ ಉಳಿದುಕೊಂಡಿದೆ. ಅಲಸಂದೆ, ಹರಳು, ಹುಣಸೆ ಇವುಗಳ ಮೂಲವೂ ಆಫ್ರಿಕಾ. ಉತ್ತರ ಕರ್ನಾಟಕದ ಜೋಳ, ಸಜ್ಜೆಗಳೂ ಅಲ್ಲಿಯವೇ. ಬೆಳ್ಳೂರು ಕ್ರಾಸಿನ ಹೋಟೆಲಿನಲ್ಲಿ ಕುಡಿಯುವ ಕಾಫಿಯ ತವರು ಸಹ ಇಥಿಯೋಪಿಯದ ಕಾಡುಗಳು. ಚುಂಚನಗಿರಿಯ ತಪ್ಪಲಿನ ಯಾವುದೇ ಮನೆಯಲ್ಲಿ ಮುದ್ದೆ, ಅಲಸಂದೆ ಕಾಳಿನ ಬಸ್ಸಾರು, ಹುಚ್ಚೆಳ್ಳು ಚಟ್ನಿ ಬಡಿಸಿದರೆ ತಟ್ಟೆಯ ಬಹುಪಾಲು ಆಫ್ರಿಕಾದ ಋಣವೇ!

ವಿಜ್ಞಾನಿಗಳು ಕಂಡುಕೊಂಡ ಬಗೆ

ಸಾವಿರಾರು ವರ್ಷ ಹಿಂದಿನ ಸಂಗತಿ ತಿಳಿಯುವುದಾದರೂ ಹೇಗೆ? ವಿದ್ಯಾರ್ಥಿಗಳಲ್ಲಿ ಈ ಪ್ರಶ್ನೆ ಏಳಲೇಬೇಕು. ಒಂದು ಬೆಳೆಯ ತವರು ಪತ್ತೆಯಾಗಬೇಕಾದರೆ ಅದರ ಕಾಡು ಬಂಧು ಎಲ್ಲಿ ಬೆಳೆಯುತ್ತದೆಂಬುದನ್ನು ಮೊದಲು ನೋಡುತ್ತಾರೆ. ಆ ಬೆಳೆಯಲ್ಲಿ ಅತಿ ಹೆಚ್ಚು ವೈವಿಧ್ಯ ಎಲ್ಲಿದೆ ಎಂಬುದನ್ನೂ ಪರಿಶೀಲಿಸುತ್ತಾರೆ. ರಷ್ಯಾದ ವಿಜ್ಞಾನಿ ನಿಕೊಲಾಯ್ ವಾವಿಲೋವ್ 1926–27ರಲ್ಲಿ ಇಥಿಯೋಪಿಯದಲ್ಲಿ ಸುತ್ತಾಡಿ ಬೀಜ ಸಂಗ್ರಹಿಸಿದರು. ಜಗತ್ತಿನ ಬೆಳೆಗಳ ಮುಖ್ಯ ತವರುಗಳಲ್ಲಿ ಅದೂ ಒಂದೆಂದು ಗುರುತಿಸಿದವರು ಅವರೇ. ರಾಗಿಯ ಹತ್ತಿರದ ಕಾಡು ಬಂಧು ಆಫ್ರಿಕಾದ ಬಯಲುಗಳಲ್ಲಿದೆ. ಅದರಲ್ಲೂ, ನಮ್ಮ ರಾಗಿಯಲ್ಲೂ ಇರುವ ವರ್ಣತಂತುಗಳ ಸಂಖ್ಯೆ ಒಂದೇ, 36.

ಕಾಡುರಾಗಿಯ ಕಾಳು ಬಲಿತ ಕೂಡಲೇ ಉದುರಿ ಮಣ್ಣು ಸೇರುತ್ತದೆ. ಗಿಡಕ್ಕೆ ಇದು ಅನುಕೂಲ, ಕೊಯ್ಯುವವರಿಗೆ ನಷ್ಟ. ಕಾಳು ಉದುರದೆ ತೆನೆಯಲ್ಲೇ ನಿಲ್ಲುವ ಅಪರೂಪದ ಗಿಡಗಳನ್ನು ಆರಿಸಿ, ಅವುಗಳ ಬೀಜವನ್ನೇ ಮತ್ತೆ ಬಿತ್ತಿ, ನೂರಾರು ತಲೆಮಾರುಗಳ ಕಾಲ ತಾಳ್ಮೆಯಿಂದ ದುಡಿದವರು ಪೂರ್ವ ಆಫ್ರಿಕಾದ ರೈತರು, ರೈತ ಮಹಿಳೆಯರು. ಇದು ನಡೆದದ್ದು ಸುಮಾರು ಐದು ಸಾವಿರ ವರ್ಷಗಳ ಹಿಂದೆ ಎಂಬುದು ಅಂದಾಜು. ಅವರಿಗೆ ಪ್ರಯೋಗಾಲಯವಿರಲಿಲ್ಲ, ಪದವಿ ಇರಲಿಲ್ಲ. ಆದರೆ ನೋಡುವುದು, ಆರಿಸುವುದು, ಬಿತ್ತಿ ಪರೀಕ್ಷಿಸುವುದು, ಫಲಿತಾಂಶವನ್ನು ಮುಂದಿನವರಿಗೆ ದಾಟಿಸುವುದು ವಿಜ್ಞಾನವಲ್ಲದೆ ಮತ್ತೇನು? ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಇದರ ಹತ್ತನೇ ಒಂದು ಪಾಲೂ ಇಲ್ಲ. ಮಕ್ಕಳ ಮೂಳೆ ಗಟ್ಟಿಗೊಳಿಸುವ ಈ ಧಾನ್ಯ, ಹೆಸರು ದಾಖಲಾಗದ ಕಪ್ಪು ಜನರ ಸಾಧನೆ.

ಪ್ರಾಚೀನ ಕಾಲದಲ್ಲೇ ಅದು ಕಡಲು ದಾಟಿ ದಕ್ಷಿಣ ಭಾರತದ ಕೆಂಪು ಮಣ್ಣಿಗೆ ಒಗ್ಗಿಕೊಂಡಿತು. ಅತ್ತ ತವರಿನಲ್ಲೂ ಬಾಳುತ್ತಿದೆ. ಇಥಿಯೋಪಿಯದಲ್ಲಿ ಅದಕ್ಕೆ ದಗುಸಾ, ಕೆನ್ಯಾದಲ್ಲಿ ವಿಂಬಿ, ಉಗಾಂಡದಲ್ಲಿ ಬುಲೊ ಎನ್ನುತ್ತಾರೆ. ಉಗಾಂಡದ ಮನೆಗಳಲ್ಲಿ ಕುದಿಯುವ ನೀರಿಗೆ ರಾಗಿ ಹಿಟ್ಟು ಹಾಕಿ, ಕೋಲಿನಿಂದ ತಿರುವಿ 'ಕಾಲೊ' ಮಾಡುತ್ತಾರೆ. ಅದನ್ನು ಬೆರಳಿನಿಂದ ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಅದ್ದಿ ತಿನ್ನುತ್ತಾರೆ. ನಾಗಮಂಗಲದ ಅಜ್ಜಿಯೊಬ್ಬರು ಅಲ್ಲಿಗೆ ಹೋದರೆ ಊಟದ ಮಟ್ಟಿಗೆ ಪರದೇಶ ಎನಿಸಲಾರದು.

ಮಂಡ್ಯದಲ್ಲಿ ಮರುಮಿಲನ

ಎರಡು ನಾಡುಗಳ ಈ ನಂಟು ಇತಿಹಾಸದೊಂದಿಗೇ ಮುಗಿಯಲಿಲ್ಲ. ಚುಂಚನಗಿರಿಯಿಂದ ನಾಗಮಂಗಲದ ಮೇಲೆ ಮಂಡ್ಯದ ಕಡೆ ಹೋದರೆ ಅಲ್ಲಿ ವಿಶ್ವೇಶ್ವರಯ್ಯ ನಾಲೆಯ ಹೆಸರನ್ನೇ ಹೊತ್ತ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರವಿದೆ. ರೈತರು 'ರಾಗಿ ಲಕ್ಷ್ಮಣಯ್ಯ' ಎಂದೇ ಕರೆಯುತ್ತಿದ್ದ ವಿಜ್ಞಾನಿ ಲಕ್ಷ್ಮಣಯ್ಯನವರು ದುಡಿದದ್ದು ಇಲ್ಲಿ. ರಾಗಿಯ ಹೂವು ಕಣ್ಣಿಗೆ ಕಾಣದಷ್ಟು ಸಣ್ಣದು. ಅರಳುವುದು ನಡುರಾತ್ರಿ ಕಳೆದ ಮೇಲೆ, ಬೆಳಗು ಹರಿಯುವ ಮುನ್ನ; ತನ್ನ ಪರಾಗವನ್ನೇ ತಾನು ಪಡೆದುಬಿಡುತ್ತದೆ. ಹೀಗಾಗಿ ಎರಡು ತಳಿಗಳನ್ನು ಕೂಡಿಸುವುದು ಬಹಳ ಪ್ರಯಾಸದ ಕೆಲಸ.

ಲಕ್ಷ್ಮಣಯ್ಯನವರು ಹಟ ಬಿಡಲಿಲ್ಲ. ಆಫ್ರಿಕಾದ ರಾಗಿಗೆ ಗಟ್ಟಿ ಕಾಂಡ, ದಪ್ಪ ತೆನೆ. ನಾಡ ರಾಗಿಗೆ ಇಲ್ಲಿಯ ಮಳೆ, ಮಣ್ಣುಗಳಿಗೆ ಹೊಂದಿಕೊಂಡ ಗುಣ. ಎರಡನ್ನೂ ಕೂಡಿಸಿ ಅವರು ರೂಪಿಸಿದ ತಳಿಗಳಿಗೆ 'ಇಂಡಾಫ್' ಎಂದು ಹೆಸರಿಟ್ಟರು. ಇಂಡಿಯಾ ಮತ್ತು ಆಫ್ರಿಕಾ ಎರಡೂ ಸೇರಿದ ಹೆಸರದು. ರಾಗಿಯ ಇಳುವರಿ ಹೆಚ್ಚಿಸಿ ಈ ತಳಿಗಳು ರೈತರ ಮನೆಮಾತಾದವು. ಮುಂದೆ ಬೆಂಗಳೂರಿನಲ್ಲಿ ರೂಪುಗೊಂಡು, ಬೆಂಕಿರೋಗ ತಡೆಯುವ ಶಕ್ತಿಯಿಂದ ಜನಪ್ರಿಯವಾದ ಜಿಪಿಯು–28 ತಳಿಯ ವಂಶದಲ್ಲೂ ಇಂಡಾಫ್ 5 ಮತ್ತು ಇಂಡಾಫ್ 9 ಇವೆ. ಎಂದರೆ ಇಂದು ಬೆಟ್ಟದ ಸುತ್ತ ಬೆಳೆಯುವ ರಾಗಿಯಲ್ಲಿ ಆಫ್ರಿಕಾದ ಪಾಲು ಎರಡು ಬಾರಿ ಸೇರಿದೆ: ಒಮ್ಮೆ ಪುರಾತನ ರೈತರಿಂದ, ಇನ್ನೊಮ್ಮೆ ಮಂಡ್ಯದ ವಿಜ್ಞಾನಿಯಿಂದ.

ಕಪ್ಪೆಂಬ ತಾತ್ಸಾರ

ಇಷ್ಟೆಲ್ಲ ಋಣವಿದ್ದರೂ ನಮ್ಮ ಮಕ್ಕಳಲ್ಲಿ ಆಫ್ರಿಕಾ ಎಂದೊಡನೆ ಮೂಡುವ ಚಿತ್ರವೇನು? ಕಾಡು, ಸಿಂಹ, ಬರಗಾಲ, ಹೆಚ್ಚೆಂದರೆ ಗುಲಾಮರ ಹಡಗು. ಅಲ್ಲಿಯ ಜನ ಏನನ್ನಾದರೂ ಕಂಡುಹಿಡಿದರು, ಕಟ್ಟಿದರು, ಬರೆದರು ಎಂಬುದು ಅವರ ಕಿವಿಗೆ ಬಿದ್ದಿರುವುದಿಲ್ಲ. ಇದರ ಫಲ ಕಣ್ಣೆದುರಿಗೇ ಇದೆ. ತರಗತಿಯಲ್ಲಿ ಮೈಬಣ್ಣ ಸ್ವಲ್ಪ ಗಾಢವಾಗಿರುವ ಹುಡುಗನಿಗೆ ಅಡ್ಡಹೆಸರು ಅಂಟುತ್ತದೆ. ಹೆಣ್ಣುಮಗುವಾದರೆ ಮನೆಯವರೇ ಮೈಬಣ್ಣದ ಚಿಂತೆ ಹಚ್ಚಿಕೊಳ್ಳುತ್ತಾರೆ. ಕರಿಕಲ್ಲಿನ ದೇವರಿಗೆ ಭಕ್ತಿಯಿಂದ ಕೈಮುಗಿಯುವ ಜನ, ಕಪ್ಪು ಮನುಷ್ಯನನ್ನು ಕಂಡಾಗ ಮುಸಿನಗುವುದು ವಿಚಿತ್ರವಲ್ಲವೆ?

ಇದು ದೂರದ ಅಮೆರಿಕದ ಸಮಸ್ಯೆಯಲ್ಲ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲದ ಕಾಡಂಚಿನಲ್ಲಿ ಸಿದ್ದಿ ಸಮುದಾಯದವರಿದ್ದಾರೆ. ಶತಮಾನಗಳ ಹಿಂದೆ ಪೂರ್ವ ಆಫ್ರಿಕಾದಿಂದ ಬಂದವರು, ಹಲವರು ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ಬಂದು ಕಾಡು ಸೇರಿದವರು ಇವರ ಪೂರ್ವಜರು. ಇವರ ಮಕ್ಕಳು ಕನ್ನಡ ಶಾಲೆಯಲ್ಲಿ ಓದುತ್ತಾರೆ. ಆದರೂ ಬಸ್ಸಿನಲ್ಲಿ, ಪೇಟೆಯಲ್ಲಿ 'ಯಾವ ದೇಶದವರು?' ಎಂಬ ಪ್ರಶ್ನೆ ಎದುರಾಗುವುದು ತಪ್ಪಿಲ್ಲ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಕರ್ನಾಟಕದ ಶಾಸನಸಭೆ ಪ್ರವೇಶಿಸಿದ ಮೊದಲ ಸಿದ್ದಿ ಎನಿಸಿದರು.

ಇದೇ ದಖ್ಖನ್ನಿನಲ್ಲಿ ಮಲಿಕ್ ಅಂಬರ್ ಎಂಬುವನಿದ್ದ. ಇಥಿಯೋಪಿಯದಲ್ಲಿ 1548ರ ಸುಮಾರಿಗೆ ಹುಟ್ಟಿ, ಬಾಲ್ಯದಲ್ಲೇ ಗುಲಾಮನಾಗಿ ಮಾರಾಟವಾದ ಈತ ಮುಂದೆ ಅಹಮದ್‌ನಗರ ರಾಜ್ಯದ ಪ್ರಧಾನಿಯಾದ. ಮೊಗಲರ ಸೈನ್ಯವನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಿದ. ಮುಂದೆ ಔರಂಗಾಬಾದ್ ಎನಿಸಿದ ಊರನ್ನು ಸ್ಥಾಪಿಸಿ, ನೆಲದಡಿಯ ಕಾಲುವೆಗಳಿಂದ ಅದಕ್ಕೆ ನೀರು ತಂದ. 1626ರಲ್ಲಿ ತೀರಿಕೊಂಡ ಈತನ ಕಥೆ ಯಾವ ಸಾಹಸ ಕಾದಂಬರಿಗೂ ಕಡಿಮೆಯಿಲ್ಲ.

ರೊಟ್ಟಿ ಕೊಟ್ಟು ಅಕ್ಷರ ಪಡೆದವನು

ಅಮೆರಿಕದ ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮರಿಗೆ ಓದು ಕಲಿಸುವುದೇ ಅಪರಾಧವಾಗಿತ್ತು. ಓದಿದವನು ಪ್ರಶ್ನೆ ಕೇಳುತ್ತಾನೆ ಎಂಬ ಭಯ ಒಡೆಯರಿಗೆ! 1818ರಲ್ಲಿ ಗುಲಾಮನಾಗಿ ಹುಟ್ಟಿದ ಫ್ರೆಡರಿಕ್ ಡಗ್ಲಾಸ್ ಎಂಬ ಹುಡುಗನಿಗೆ ಒಡತಿ ಅಕ್ಷರ ಹೇಳಿಕೊಡತೊಡಗಿದಾಗ ಒಡೆಯ ತಡೆದ. ಹುಡುಗ ಬಿಡಲಿಲ್ಲ. ಮನೆಯಲ್ಲಿ ಸಿಕ್ಕ ಬ್ರೆಡ್ಡಿನ ತುಂಡುಗಳನ್ನು ಬೀದಿಯ ಬಡ ಬಿಳಿ ಹುಡುಗರಿಗೆ ಕೊಟ್ಟು, ಬದಲಿಗೆ ಅವರಿಂದ ಪಾಠ ಹೇಳಿಸಿಕೊಂಡ. 1838ರಲ್ಲಿ ತಪ್ಪಿಸಿಕೊಂಡು ಬಿಡುಗಡೆ ಪಡೆದ. 1845ರಲ್ಲಿ ಪ್ರಕಟವಾದ ಅವನ ಆತ್ಮಕಥೆ ಗುಲಾಮಗಿರಿಯ ವಿರುದ್ಧದ ಹೋರಾಟಕ್ಕೆ ದೊಡ್ಡ ಬಲವಾಯಿತು.

ಗುಲಾಮನಾಗಿಯೇ ಹುಟ್ಟಿದ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಕೃಷಿವಿಜ್ಞಾನಿಯಾಗಿ 1896ರಲ್ಲಿ ಟಸ್ಕೀಗಿಯ ಕಪ್ಪು ಜನರ ವಿದ್ಯಾಸಂಸ್ಥೆ ಸೇರಿದರು. ಹತ್ತಿ ಬೆಳೆದು ಬೆಳೆದು ಸೊರಗಿದ ನೆಲಕ್ಕೆ ಕಡಲೆಕಾಯಿ, ಅಲಸಂದೆ ಹಾಕಿ ಸಾರ ತುಂಬಿರೆಂದು ಬಡ ರೈತರಿಗೆ ಕಲಿಸಿದರು. 1906ರಲ್ಲಿ ಗಾಡಿಯೊಂದನ್ನೇ ಶಾಲೆ ಮಾಡಿ ಹಳ್ಳಿಗಳಿಗೆ ಕಳಿಸಿದರು. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅಲಸಂದೆ ಹಾಕುವ ನಾಗಮಂಗಲದ ರೈತರಿಗೆ ಈ ಪಾಠ ಹೊಸದೇನಲ್ಲ.

ಇಂಥ ಸಾಧಕರ ಹೆಸರೇ ಪಠ್ಯಗಳಲ್ಲಿ ಇಲ್ಲದ್ದನ್ನು ಕಂಡು ಮರುಗಿದವರು ಕಾರ್ಟರ್ ವುಡ್ಸನ್. ತಂದೆ ತಾಯಿ ಹಿಂದೆ ಗುಲಾಮರಾಗಿದ್ದವರು. ಸ್ವತಃ ಕಲ್ಲಿದ್ದಲ ಗಣಿಯಲ್ಲಿ ದುಡಿದವರು. ಅಕ್ಷರ ಬಾರದ ಗಣಿ ಕಾರ್ಮಿಕರಿಗೆ ಪತ್ರಿಕೆ ಓದಿ ಹೇಳುತ್ತಿದ್ದರು. 1912ರಲ್ಲಿ ಹಾರ್ವರ್ಡಿನಿಂದ ಡಾಕ್ಟರೇಟ್ ಪಡೆದರು. 1926ರ ಫೆಬ್ರವರಿಯಲ್ಲಿ ಅವರು ಆರಂಭಿಸಿದ ಕಪ್ಪು ಜನರ ಇತಿಹಾಸ ಸಪ್ತಾಹ, 1976ರಿಂದ ಇಡೀ ತಿಂಗಳ ಆಚರಣೆಯಾಗಿದೆ. ಆ ತಿಂಗಳು ಅಲ್ಲಿಯ ಗ್ರಂಥಾಲಯಗಳಲ್ಲಿ ಕಪ್ಪು ಲೇಖಕರ, ವಿಜ್ಞಾನಿಗಳ ಕುರಿತ ಪುಸ್ತಕಗಳನ್ನು ಮಕ್ಕಳ ಮುಂದೆ ಹರಡಿಡುತ್ತಾರೆ.

ಕನ್ನಡಕ್ಕೆ ಈ ವಿಚಾರ ಹೊಸದಲ್ಲ. ಕನಕದಾಸರ 'ರಾಮಧಾನ್ಯಚರಿತೆ'ಯಲ್ಲಿ ಅಕ್ಕಿಗೂ ರಾಗಿಗೂ ತಾನು ಹೆಚ್ಚು ತಾನು ಹೆಚ್ಚೆಂದು ಜಗಳ ಹತ್ತುತ್ತದೆ. ಬೆಳ್ಳಗಿನ ಅಕ್ಕಿ ಬಡವರ ಧಾನ್ಯವನ್ನು ಹಳಿಯುತ್ತದೆ. ಶ್ರೀರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅಕ್ಕಿ ಕೆಡುತ್ತದೆ, ರಾಗಿ ಕೆಡದೆ ಉಳಿದು ಗೆಲ್ಲುತ್ತದೆ. ಬಣ್ಣ, ಕುಲ ನೋಡದೆ ಗುಣ ನೋಡಿ ಎಂದು ಹೇಳಲು ಕನಕದಾಸರು ಆರಿಸಿಕೊಂಡದ್ದು ಆಫ್ರಿಕಾದಿಂದ ಬಂದ ಕಾಳನ್ನೇ ಎಂಬುದು ಎಂಥ ಚೆಲುವಾದ ಕಾಕತಾಳೀಯ!

ಹರಳಹಳ್ಳಿಯ ಪುಸ್ತಕ ಮನೆ

ಇವನ್ನೆಲ್ಲ ಮಕ್ಕಳು ಓದುವುದೆಲ್ಲಿ? ಚುಂಚನಗಿರಿಯಿಂದ ನಾಗಮಂಗಲ, ಜಕ್ಕನಹಳ್ಳಿ ಮಾರ್ಗವಾಗಿ ಪಾಂಡವಪುರದತ್ತ ಸಾಗಿದರೆ ಉತ್ತರ ಸಿಗುತ್ತದೆ. ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯಲ್ಲಿ ಅಂಕೇಗೌಡರ 'ಪುಸ್ತಕ ಮನೆ' ಇದೆ. ಬಸ್ ಕಂಡಕ್ಟರ್ ಆಗಿದ್ದು, ನಂತರ ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಗೌಡರು, ಸಂಬಳದ ಬಹುಭಾಗವನ್ನು ಪುಸ್ತಕಕ್ಕೆ ಸುರಿದವರು. ಮೈಸೂರಿನಲ್ಲಿದ್ದ ಆಸ್ತಿಯನ್ನೂ ಮಾರಿ ಪುಸ್ತಕ ಕೊಂಡರು. ಇಂದು ಅಲ್ಲಿರುವ ಪುಸ್ತಕಗಳು ಸುಮಾರು 20 ಲಕ್ಷ. ಕಪಾಟು ಸಾಲದೆ ನೆಲದ ಮೇಲೂ ರಾಶಿಗಳಿವೆ. ಪ್ರವೇಶ ಉಚಿತ, ಯಾರು ಬೇಕಾದರೂ ಹೋಗಿ ಓದಬಹುದು. 2026ರ ಜನವರಿಯಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಘೋಷಣೆಯಾಯಿತು.

ಅಷ್ಟು ದೂರ ಹೋಗಲಾಗದವರಿಗೆ ಊರಿನ ಗ್ರಾಮ ಪಂಚಾಯಿತಿಯ ಗ್ರಂಥಾಲಯವಿದೆ. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ. ಆದರೆ ಸದಸ್ಯತ್ವದ ಚೀಟಿಯಷ್ಟರಿಂದಲೇ ಮಗು ಓದುಗನಾಗುವುದಿಲ್ಲ. ಪರೀಕ್ಷೆಗೆ ಬಾರದ ಪುಸ್ತಕ ಹಿಡಿದಾಗ ಗದರುವ ತಂದೆ ತಾಯಿಯರು ಸ್ವಲ್ಪ ಯೋಚಿಸಬೇಕು. ಬೇರೆ ನಾಡಿನ, ಬೇರೆ ಬಣ್ಣದ ಮನುಷ್ಯನ ಕಥೆ ಓದಿದ ಮಗು ಪಕ್ಕದ ಬೆಂಚಿನ ಗೆಳೆಯನಿಗೆ ಅಡ್ಡಹೆಸರಿಡಲು ಹಿಂಜರಿಯುತ್ತದೆ. ಸ್ವತಃ ಅಡ್ಡಹೆಸರು ಕೇಳಿ ಕುಗ್ಗಿದ ಮಗುವಾದರೆ, ಕಾರ್ವರ್ ಅಥವಾ ಮಲಿಕ್ ಅಂಬರನ ಕಥೆ ಓದಿ ತಲೆ ಎತ್ತುತ್ತದೆ. ಯಾವ ಅಂಕಪಟ್ಟಿಯಲ್ಲೂ ಕಾಣದ ಲಾಭ ಇದು.

ಹೋಗುವವರಿಗೆ

ಬೆಂಗಳೂರು, ಮೈಸೂರು, ಹಾಸನಗಳಿಂದ ಬೆಳ್ಳೂರು ಕ್ರಾಸ್ ತಲುಪಲು ಬಸ್ಸುಗಳಿವೆ. ಬೆಂಗಳೂರು–ಹಾಸನ ರೈಲು ಮಾರ್ಗದಲ್ಲಿ ಬಿ.ಜಿ. ನಗರ ನಿಲ್ದಾಣವೂ ಇದೆ. ರಾಗಿ, ಹುಚ್ಚೆಳ್ಳು ಎರಡನ್ನೂ ಹೊಲದಲ್ಲೇ ನೋಡಬೇಕೆಂದರೆ ಅಕ್ಟೋಬರ್–ನವೆಂಬರ್ ಸೂಕ್ತ ಕಾಲ. ಬೆಳಿಗ್ಗೆ ಬೆಟ್ಟ, ನವಿಲುಧಾಮ ನೋಡಿ, ನಾಗಮಂಗಲದಲ್ಲಿ ಹೊಯ್ಸಳರ ಕಾಲದ ಸೌಮ್ಯಕೇಶವ ದೇವಾಲಯ ಸಂದರ್ಶಿಸಿ, ಮಧ್ಯಾಹ್ನದ ಮೇಲೆ ಹರಳಹಳ್ಳಿ ಸೇರಬಹುದು. ಶಾಲಾ ಪ್ರವಾಸ ಏರ್ಪಡಿಸುವ ಶಿಕ್ಷಕರಿಗೆ ಒಂದೇ ದಿನದಲ್ಲಿ ವಿಜ್ಞಾನ, ಇತಿಹಾಸ, ಸಾಹಿತ್ಯ ಮೂರೂ ದಕ್ಕುವ ದಾರಿ ಇದು.

ಹೊರಡುವ ಮುನ್ನ ಮಕ್ಕಳಿಗೆ ಒಂದು ಕೆಲಸ ಹಚ್ಚಬಹುದು. ಅಂದು ಮನೆಯಲ್ಲಿ ಊಟಕ್ಕೆ ಬಳಸಿದ ಕಾಳು, ಧಾನ್ಯಗಳ ಪಟ್ಟಿ ಮಾಡಿ, ಒಂದೊಂದರ ತವರು ಯಾವುದೆಂದು ಪುಸ್ತಕದಲ್ಲಿ ಹುಡುಕಿ ಬರೆದು ತರಲಿ. ಉತ್ತರ ತಂದೆ ತಾಯಿಗೂ ಗೊತ್ತಿರಲಿಕ್ಕಿಲ್ಲ. ಮಕ್ಕಳೊಂದಿಗೆ ಕೂತು ಅವರೂ ಪುಟ ತಿರುವಲಿ.